ನಮ್ಮ 98 ಪರ್ಸೆಂಟ್ ಮತ್ತು ಅತ್ತೆಯ ತಲೆನೋವು

ಕನ್ನಡ ಸಂಘದ ಸೀನಿಯರ್ ಒಬ್ಬರು "ನಿಮ್ಮ ಮಿನಿ ಪ್ರಾಜೆಕ್ಟ್ ಬಗ್ಗೆ ಮ್ಯಾಗಜೀನ್‌ಗೆ ಏನಾದ್ರೂ ಬರೆದುಕೊಡು" ಅಂದಾಗ ನಾನು ಎರಡು ಸಲ ಇಲ್ಲ ಅಂದೆ. ಒಂದು ಕಾರಣ ನನ್ನ ಕನ್ನಡ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಕನ್ನಡ ಬರೀ ಸೆಕೆಂಡ್ ಲ್ಯಾಂಗ್ವೇಜ್. ಈ ಲೇಖನ ಬರೆಯುವಾಗಲೂ ಒತ್ತಕ್ಷರ ಎಲ್ಲಿ ಬರುತ್ತೆ ಅಂತ ಅಮ್ಮನಿಗೆ ಆರೇಳು ಸಲ ಫೋನ್ ಮಾಡಿದ್ದೀನಿ. ಇನ್ನೊಂದು ಕಾರಣ, ಆ ಪ್ರಾಜೆಕ್ಟ್ ಮಾಡುವಾಗ ನಾನು ಮಾಡಿದ ಒಂದು ತಪ್ಪು. ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತೆ, ಸೇರಿಸಿ ಬರೆದರೆ ನಾಚಿಕೆ. ಆದರೆ ನಮ್ಮ ಕ್ಲಾಸಿನಲ್ಲೇ ನಾಲ್ಕು ಟೀಮ್ ಇದೇ ಟಾಪಿಕ್ ತಗೊಂಡಿದೆ ಅಂತ ಗೊತ್ತಾದ ಮೇಲೆ ಬರೆಯೋಣ ಅನ್ನಿಸಿತು.

ಪ್ರಾಜೆಕ್ಟ್ ಇಷ್ಟೇ. ತಲೆಯ ಎಂಆರ್‌ಐ ಚಿತ್ರ ಕೊಟ್ಟರೆ ಅದರಲ್ಲಿ ಗೆಡ್ಡೆ ಇದೆಯಾ ಇಲ್ಲವಾ, ಇದ್ದರೆ ಯಾವ ಥರದ್ದು ಅಂತ ಕಂಪ್ಯೂಟರ್ ಹೇಳಬೇಕು. ನಾವು ಮೂರು ಜನ. ಕ್ಯಾಗಲ್‌ನಲ್ಲಿ ಇದಕ್ಕೆ ಬಹಳ ಜನ ಬಳಸುವ ಒಂದು ಡೇಟಾಸೆಟ್ ಇದೆ. 7,023 ಚಿತ್ರ, ನಾಲ್ಕು ಗುಂಪು: ಗ್ಲಯೋಮಾ, ಮೆನಿಂಜಿಯೋಮಾ, ಪಿಟ್ಯುಟರಿ, ಮತ್ತು 'ಗೆಡ್ಡೆ ಇಲ್ಲ'. ಗ್ಲಯೋಮಾ ಅಂದರೆ ಮೆದುಳಿನ ನರಕೋಶಗಳಿಗೆ ಆಸರೆಯಾಗಿರುವ ಗ್ಲಯಲ್ ಕೋಶಗಳಿಂದ ಹುಟ್ಟುವಂಥದ್ದು. ಮೆನಿಂಜಿಯೋಮಾ ಮೆದುಳಿನದ್ದಲ್ಲ, ಮೆದುಳನ್ನು ಸುತ್ತಿಕೊಂಡಿರುವ ಪೊರೆಯಿಂದ ಬೆಳೆಯುವಂಥದ್ದು. ಪಿಟ್ಯುಟರಿ ಗೆಡ್ಡೆ ಮೆದುಳಿನ ತಳದಲ್ಲಿರುವ ಬಟಾಣಿ ಕಾಳಿನಷ್ಟು ದೊಡ್ಡ ಗ್ರಂಥಿಯಲ್ಲಿ ಆಗುವಂಥದ್ದು. ಇಷ್ಟು ಓದಿಕೊಂಡಾಗಲೇ ನಮಗೆ ಅರ್ಧ ಡಾಕ್ಟರ್ ಆದ ಹಾಗೆ ಅನ್ನಿಸಿತ್ತು.

ಮಾಡೆಲನ್ನು ನಾವೇ ಮೊದಲಿಂದ ಕಟ್ಟಲಿಲ್ಲ. ನಾಯಿ, ಬೆಕ್ಕು, ಕಾರು, ಬಾಳೆಹಣ್ಣು ಅಂತ ಇಮೇಜ್‌ನೆಟ್‌ನ ಲಕ್ಷಾಂತರ ಚಿತ್ರ ನೋಡಿ ಕಲಿತಿರುವ ರೆಸ್‌ನೆಟ್-50 ತಗೊಂಡು, ಅದರ ಕೊನೆಯ ಪದರ ತೆಗೆದು, ನಾಲ್ಕು ಉತ್ತರ ಕೊಡುವ ನಮ್ಮ ಪದರ ಜೋಡಿಸಿ, ಎಂಆರ್‌ಐ ಚಿತ್ರಗಳನ್ನು ತೋರಿಸಿ ಮತ್ತೆ ಟ್ರೇನ್ ಮಾಡಿದೆವು. ಕೋಲ್ಯಾಬ್‌ನಲ್ಲಿ ಪುಕ್ಕಟೆ ಸಿಗುವ ಜಿಪಿಯು ಸಾಕಾಯ್ತು. ಮೂರನೇ ರಾತ್ರಿ ಟೆಸ್ಟ್ ಅಕ್ಯುರಸಿ 98.1 ಅಂತ ಬಂತು. ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್‌ಗೆ ಹಾಕಿದೆವು. ಮಾರನೇ ದಿನ ಗೇಟಿನ ಹೊರಗಿನ ಗಾಡಿಯಲ್ಲಿ ಗೋಬಿ ಮಂಚೂರಿ ತಿಂದು ಆಚರಿಸಿದ್ದೂ ಆಯ್ತು.

ದೀಪಾವಳಿಗೆ ಊರಿಗೆ ಹೋದೆ. ನಮ್ಮೂರು ತೀರ್ಥಹಳ್ಳಿ ಹತ್ತಿರ. ಹಬ್ಬಕ್ಕೆ ಎಲ್ಲರೂ ಸೇರಿದ್ದರು. ಜಗಲಿ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆದು ಡೆಮೊ ತೋರಿಸಿದೆ. ಚಿತ್ರ ಹಾಕಿದರೆ ಕೆಳಗೆ 'ಗ್ಲಯೋಮಾ, 99%' ಅಂತ ಬರುತ್ತೆ. ಅಪ್ಪನ ಅಕ್ಕ, ನನ್ನ ಅತ್ತೆ, ಬಗ್ಗಿ ನೋಡಿ "ಎಂತ ಮಾರಾಯ್ತಿ, ತಲೆ ಸೀಳಿ ಇಟ್ಟಂಗೆ ಇದ್ಯಲೇ" ಅಂದರು. ಅವರಿಗೆ ಆಗಲೇ ಕೆಲವು ತಿಂಗಳಿಂದ ತಲೆನೋವು. ಹಣೆಗೆ ಬಟ್ಟೆ ಕಟ್ಟಿಕೊಂಡೇ ಓಡಾಡುತ್ತಿದ್ದರು. ಬಿಸಿಲಿಗೆ ಅಂತ ಅವರೂ ಅಂದುಕೊಂಡಿದ್ದರು, ನಾವೂ ಅಂದುಕೊಂಡಿದ್ದೆವು.

ಹಬ್ಬ ಕಳೆದು ಎರಡು ವಾರಕ್ಕೆ ಅಡುಗೆಮನೆಯಲ್ಲಿ ಅವರ ಬಲಗೈಯಿಂದ ಸಾರಿನ ಪಾತ್ರೆ ತಾನಾಗೇ ಜಾರಿತು. ಮಾರನೇ ದಿನ ಮತ್ತೆ ಹಾಗೇ ಆಯ್ತು. ಅಲ್ಲಿನ ಡಾಕ್ಟರು ಎಂಆರ್‌ಐ ಮಾಡಿಸಿ ಅಂದರು. ಶಿವಮೊಗ್ಗಕ್ಕೆ ಹೋಗಿ ಮಾಡಿಸಿದರು. ಮದುವೆಯಾದ ಮೇಲೆ ಮೊದಲ ಸಲ ಮೂಗುತಿ ಬಿಚ್ಚಿದ್ದಂತೆ, ಅದನ್ನೇ ದೊಡ್ಡ ಕಥೆ ಮಾಡಿ ಹೇಳಿದರು. ಮಷೀನಿನ ಸದ್ದು ಮಾತ್ರ "ಅಡಿಕೆ ಸುಲಿಯೋ ಮಷೀನ್ ಒಳಗೆ ತಲೆ ಇಟ್ಟಂಗೆ" ಅಂದರು.

ಸಂಜೆ ಫಿಲ್ಮ್ ಕೈಗೆ ಸಿಕ್ಕಿತ್ತು. ರಿಪೋರ್ಟ್ ಮಾರನೇ ದಿನ ಸಂಜೆ ಬಂದು ತಗೊಳ್ಳಿ ಅಂದಿದ್ದರು. ಮಾವ ಆ ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೊ ಹೊಡೆದು ನನಗೆ ವಾಟ್ಸಾಪ್ ಮಾಡಿದರು. ಕೆಳಗೆ ಅತ್ತೆಯ ವಾಯ್ಸ್ ಮೆಸೇಜ್: "ನಿನ್ನ ಕಂಪ್ಯೂಟರಿಗೆ ಒಂದ್ಸಲ ತೋರಿಸೇ."

ಒಂದು ಫಿಲ್ಮಿನಲ್ಲಿ ಇಪ್ಪತ್ತು ಸಣ್ಣ ಸಣ್ಣ ಚಿತ್ರ ಇದ್ದವು. ಅದರಲ್ಲಿ ಒಂದು, ಎರಡೂ ಕಣ್ಣುಗುಡ್ಡೆ ಕಾಣುವ ಚಿತ್ರ, ಚೆನ್ನಾಗಿ ಸ್ಪಷ್ಟವಾಗಿತ್ತು. ಅದನ್ನೇ ಕ್ರಾಪ್ ಮಾಡಿ ಮಾಡೆಲ್‌ಗೆ ಕೊಟ್ಟೆ. 'ಗೆಡ್ಡೆ ಇಲ್ಲ, 99.3%' ಅಂತ ಬಂತು. ನನಗೆ ಎಷ್ಟು ಖುಷಿ ಆಯ್ತು ಅಂದರೆ ಯೋಚನೆ ಮಾಡದೆ ಟೈಪ್ ಮಾಡಿದೆ: "ಅತ್ತೆ, ನಮ್ಮ ಮಾಡೆಲ್ ಪ್ರಕಾರ ಗೆಡ್ಡೆ ಇಲ್ಲ, 99.3%. ಆದ್ರೂ ಡಾಕ್ಟರ್‌ಗೆ ತೋರಿಸಿ." ಜೊತೆಗೆ ಒಂದು ಸ್ಮೈಲಿ. ಎರಡನೇ ವಾಕ್ಯ ಬರೆದಿದ್ದೀನಲ್ಲ, ನನ್ನ ಜವಾಬ್ದಾರಿ ಮುಗೀತು ಅಂದುಕೊಂಡೆ.

ಅದಾಗಿ ಹತ್ತು ದಿನಕ್ಕೆ ಪ್ರಾಜೆಕ್ಟ್ ರಿವ್ಯೂ. ನಮ್ಮ ಗೈಡ್ ಮೇಡಮ್ ಸ್ಲೈಡ್ ನೋಡಿ ಒಂದೇ ಪ್ರಶ್ನೆ ಕೇಳಿದರು: "ಟೆಸ್ಟ್ ಸೆಟ್‌ನಲ್ಲಿರೋ ಪೇಷಂಟ್‌ಗಳು ಟ್ರೇನಿಂಗ್ ಸೆಟ್‌ನಲ್ಲಿ ಇಲ್ಲ ಅಂತ ನಿಮಗೆ ಹೇಗೆ ಗೊತ್ತು?"

ನಮಗೆ ಗೊತ್ತಿರಲಿಲ್ಲ. ಹುಡುಕಬಹುದು ಅನ್ನೋದೂ ಹೊಳೆದಿರಲಿಲ್ಲ. ಆ ರಾತ್ರಿ ಡೇಟಾಸೆಟ್‌ನ ವಿವರಣೆಯನ್ನು ಮೊದಲ ಸಲ ಪೂರ್ತಿ ಓದಿದೆವು. ಆ 7,023 ಚಿತ್ರಗಳನ್ನು ಒಂದೇ ಕಡೆ ತೆಗೆದದ್ದಲ್ಲ, ಮೂರು ಹಳೇ ಸಂಗ್ರಹಗಳನ್ನು ಕಲಸಿ ಮಾಡಿದ್ದು. ಅದರಲ್ಲಿ ಒಂದು, ಫಿಗ್‌ಶೇರ್‌ನಲ್ಲಿರುವ ಸಂಗ್ರಹ: 2005 ರಿಂದ 2010 ರ ನಡುವೆ ಚೀನಾದ ಗ್ವಾಂಗ್‌ಝೌ ಮತ್ತು ತಿಯಾಂಜಿನ್ ನಗರಗಳ ಎರಡು ಆಸ್ಪತ್ರೆಗಳಲ್ಲಿ ತೆಗೆದ 3,064 ಚಿತ್ರ. ಚಿತ್ರ 3,064 ಇದ್ದರೂ ರೋಗಿಗಳು 233 ಜನ ಮಾತ್ರ. ಅಂದರೆ ಒಬ್ಬೊಬ್ಬರದ್ದು ಸರಾಸರಿ 13 ಚಿತ್ರ.

ಇದು ಯಾಕೆ ಮುಖ್ಯ ಅಂದರೆ, ಎಂಆರ್‌ಐ ತಲೆಯನ್ನು ಬ್ರೆಡ್ ಸ್ಲೈಸ್ ಥರ ಪದರ ಪದರವಾಗಿ ತೋರಿಸುತ್ತೆ. ಅಕ್ಕಪಕ್ಕದ ಎರಡು ಸ್ಲೈಸ್ ಹೆಚ್ಚು ಕಡಿಮೆ ಒಂದೇ ಥರ ಇರುತ್ತೆ. ಎಲ್ಲ ಚಿತ್ರಗಳನ್ನೂ ಇಸ್ಪೀಟ್ ಎಲೆ ಥರ ಕಲಸಿ ಟ್ರೇನಿಂಗ್‌ಗೆ ಇಷ್ಟು, ಟೆಸ್ಟ್‌ಗೆ ಇಷ್ಟು ಅಂತ ಹಂಚಿದರೆ, ಒಬ್ಬರೇ ರೋಗಿಯ ಏಳನೇ ಸ್ಲೈಸ್ ಟ್ರೇನಿಂಗ್‌ಗೆ, ಎಂಟನೇದು ಟೆಸ್ಟ್‌ಗೆ ಹೋಗಿಬಿಡುತ್ತೆ. ಮಾಡೆಲ್ ಪ್ರಶ್ನೆಪತ್ರಿಕೆಯ ಪ್ರಶ್ನೆಯನ್ನೇ ನಂಬರ್ ಬದಲಾಯಿಸಿ ಎಕ್ಸಾಮ್‌ಗೆ ಕೊಟ್ಟರೆ ನಮಗೆ ಎಷ್ಟು ಮಾರ್ಕ್ಸ್ ಬರುತ್ತೋ ಅಷ್ಟೇ ಸುಲಭವಾಗಿ ಅದಕ್ಕೂ ಬರುತ್ತೆ. ಇದನ್ನು ಡೇಟಾ ಲೀಕೇಜ್ ಅಂತಾರೆ.

ಒಳ್ಳೇ ವಿಷಯ ಅಂದರೆ, ಮೂಲ ಸಂಗ್ರಹದ ಫೈಲ್‌ಗಳಲ್ಲಿ ಪ್ರತಿ ಚಿತ್ರದ ಜೊತೆ ರೋಗಿಯ ಐಡಿ ಇದೆ. ಕ್ಯಾಗಲ್‌ನ ಜೆಪೆಗ್‌ಗಳಲ್ಲಿ ಅದು ಇಲ್ಲ. ನಾವು ಮೂಲ ಫೈಲ್‌ಗಳನ್ನೇ ಇಳಿಸಿಕೊಂಡು, ಒಬ್ಬ ರೋಗಿಯ ಎಲ್ಲ ಚಿತ್ರಗಳೂ ಒಂದೇ ಕಡೆ ಇರುವ ಹಾಗೆ ಹಂಚಿ, ಮೂರು ಥರದ ಗೆಡ್ಡೆಗಳನ್ನು ಗುರುತಿಸುವುದಕ್ಕೆ ಮತ್ತೆ ಟ್ರೇನ್ ಮಾಡಿದೆವು. 98 ಇದ್ದದ್ದು 88 ಕ್ಕೆ ಇಳಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಕ್ಯಾಗಲ್ ಡೇಟಾಸೆಟ್‌ನಲ್ಲಿ 'ಗೆಡ್ಡೆ ಇಲ್ಲ' ಅನ್ನುವ ಚಿತ್ರಗಳು ಬಂದದ್ದು ಬೇರೆಯೇ ಸಂಗ್ರಹದಿಂದ. ಗೆಡ್ಡೆ ಇರುವ ಚಿತ್ರಗಳ ಪೈಕಿ ಬಹಳಷ್ಟು ಒಂದೇ ಅಳತೆ, ಒಂದೇ ರೀತಿಯ ಬೆಳಕು. ಇಲ್ಲದವುಗಳ ಅಳತೆ, ಅಂಚು, ಕಪ್ಪಿನ ಬಣ್ಣ ಎಲ್ಲ ಬೇರೆ ಬೇರೆ. ನಮ್ಮ ಟೀಮ್‌ಮೇಟ್‌ಗೆ ಒಂದು ಐಡಿಯಾ ಬಂತು. ಪ್ರತಿ ಚಿತ್ರದ ಮಧ್ಯಭಾಗಕ್ಕೆ, ಅಂದರೆ ಮೆದುಳು ಇರುವ ಜಾಗಕ್ಕೇ, ಕಪ್ಪು ಬಳಿದು, ಬರೀ ನಾಲ್ಕು ಅಂಚು ಉಳಿಸಿ ಟ್ರೇನ್ ಮಾಡಿ ನೋಡೋಣ ಅಂದ. ಮೆದುಳೇ ಇಲ್ಲದ ಚಿತ್ರ ನೋಡಿ ಗೆಡ್ಡೆ ಇದೆಯೋ ಇಲ್ಲವೋ ಅಂತ ಹೇಳೋಕೆ ಆಗಬಾರದು ಅಲ್ವಾ? ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಸಲ ಸರಿ ಹೇಳಿತು. ಹಳೇ ಮಾಡೆಲ್ ಚಿತ್ರದ ಯಾವ ಭಾಗ ನೋಡಿ ಉತ್ತರ ಹೇಳುತ್ತಿದೆ ಅಂತ ಗ್ರಾಡ್-ಕ್ಯಾಮ್ ಹಾಕಿ ನೋಡಿದರೆ, ಎಷ್ಟೋ ಚಿತ್ರಗಳಲ್ಲಿ ಕೆಂಪು ಬಣ್ಣ ತಲೆಬುರುಡೆಯ ಹೊರಗೆ, ಮೂಲೆಯಲ್ಲಿ ಬಿದ್ದಿತ್ತು.

ಅಂದರೆ ನಮ್ಮ ಮಾಡೆಲ್ ಕಲಿತದ್ದರಲ್ಲಿ ದೊಡ್ಡ ಪಾಲು ಗೆಡ್ಡೆಯ ವಿಷಯ ಅಲ್ಲ, ಚಿತ್ರ ಯಾವ ಸಂಗ್ರಹದಿಂದ ಬಂತು ಅನ್ನೋ ವಿಷಯ. ಇದು ನಮಗೊಬ್ಬರಿಗೇ ಆದದ್ದಲ್ಲ. 2018 ರಲ್ಲಿ ಅಮೆರಿಕದ ಸಂಶೋಧಕರು ಎದೆಯ ಎಕ್ಸ್‌ರೇ ನೋಡಿ ನ್ಯುಮೋನಿಯಾ ಹೇಳುವ ಮಾಡೆಲ್‌ಗಳನ್ನು ಪರೀಕ್ಷಿಸಿದಾಗ, ಎಕ್ಸ್‌ರೇ ಯಾವ ಆಸ್ಪತ್ರೆಯದು ಅಂತ ಅವು ಬಹಳ ನಿಖರವಾಗಿ ಗುರುತಿಸಬಲ್ಲವು ಅಂತ ಕಂಡುಬಂತು. ಒಂದು ಆಸ್ಪತ್ರೆಯಲ್ಲಿ ನ್ಯುಮೋನಿಯಾ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇದ್ದರೆ, ಆಸ್ಪತ್ರೆ ಯಾವುದು ಅಂತ ಗೊತ್ತಾದರೇ ಅರ್ಧ ಉತ್ತರ ಸಿಕ್ಕ ಹಾಗೆ.

ರಾತ್ರಿ ಎರಡು ಗಂಟೆ ಆಗಿತ್ತು. ಆಗ ನೆನಪಾಯ್ತು. ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಹೊಡೆದ ಫೋಟೊ. ಅಳತೆ ಬೇರೆ, ಬೆಳಕು ಬೇರೆ, ಅಂಚಿನಲ್ಲಿ ಮಾವನ ಹೆಬ್ಬೆರಳಿನ ನೆರಳು. ಅಂಥ ಚಿತ್ರಕ್ಕೆ ನಮ್ಮ ಮಾಡೆಲ್ 'ಗೆಡ್ಡೆ ಇಲ್ಲ' ಅಂತಲ್ಲದೆ ಇನ್ನೇನು ಹೇಳುತ್ತೆ?

ಬೆಳಿಗ್ಗೆ ಆರು ಗಂಟೆಗೆ ಫೋನ್ ಮಾಡಿದೆ. "ಅತ್ತೆ, ರಿಪೋರ್ಟ್ ಏನು ಬಂತು?"

"ರಿಪೋರ್ಟ್ ತರೋಕೆ ಹೋಗ್ಲೇ ಇಲ್ಲ ಮಾರಾಯ್ತಿ. ನೀನೇ ಹೇಳಿದ್ಯಲ್ಲ ಏನೂ ಇಲ್ಲ ಅಂತ. ಆಳು ಸಿಕ್ಕಿದಾರೆ, ಕೊಯ್ಲು ಮುಗಿಸ್ಕೊಂಡು ಹೋದ್ರಾಯ್ತು ಅಂತ ನಿನ್ನ ಮಾವ ಅಂದ್ರು."

ಅಡಿಕೆ ಕೊಯ್ಲಿಗೆ ಆಳು ಸಿಗೋದು ಎಷ್ಟು ಕಷ್ಟ ಅಂತ ಊರಿನವರಿಗೆ ಗೊತ್ತು. ಶಿವಮೊಗ್ಗಕ್ಕೆ ಹೋಗಿ ಬರೋಕೆ ಒಂದು ದಿನ ಬೇಕು. ಅವರ ಲೆಕ್ಕ ಸರಿಯಾಗೇ ಇತ್ತು. ಲೆಕ್ಕಕ್ಕೆ ನಾನು ಕೊಟ್ಟ ನಂಬರ್ ತಪ್ಪಾಗಿತ್ತು.

"ಅತ್ತೆ, ನಾನು ಹೇಳಿದ್ದು ತಪ್ಪು," ಅಂದೆ.

ಆ ಕಡೆ ಒಂದು ಕ್ಷಣ ಸದ್ದಿಲ್ಲ. "ಹಂಗಾದ್ರೆ ಇದೆ ಅಂತಾನಾ?"

"ಇದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಅದಕ್ಕೆ ಗೊತ್ತಿಲ್ಲ ಅತ್ತೆ."

"ಗೊತ್ತಿಲ್ಲದೇ ಇದ್ರೆ ತೊಂಬತ್ತೊಂಬತ್ತು ಅಂತ ಯಾಕೆ ಹೇಳ್ತು?"

ವೈವಾದಲ್ಲಿ ಯಾರೂ ಇಂಥ ಪ್ರಶ್ನೆ ಕೇಳಿಲ್ಲ. ಉತ್ತರ ಏನಂದರೆ, ನಮ್ಮ ಮಾಡೆಲ್‌ನ ಕೊನೆಯಲ್ಲಿ ಸಾಫ್ಟ್‌ಮ್ಯಾಕ್ಸ್ ಅಂತ ಒಂದು ಫಂಕ್ಷನ್ ಇದೆ. ನಾಲ್ಕು ಉತ್ತರಗಳಿಗೆ ಒಟ್ಟು ನೂರು ಬರುವ ಹಾಗೆ ಹಂಚುವುದಷ್ಟೇ ಅದರ ಕೆಲಸ. 'ನಾಲ್ಕೂ ಅಲ್ಲ', 'ನನಗೆ ಗೊತ್ತಿಲ್ಲ' ಅನ್ನೋದಕ್ಕೆ ಅಲ್ಲಿ ಜಾಗವೇ ಇಲ್ಲ. ಆಮೇಲೆ ನಾವು ಒಡೆದ ತೆಂಗಿನಕಾಯಿ ಹೋಳಿನ ಫೋಟೊ ಕೊಟ್ಟು ನೋಡಿದೆವು. 'ಪಿಟ್ಯುಟರಿ, 94%' ಅಂತು. ಮೂರೂ ಜನ ನಕ್ಕೆವು, ಆಮೇಲೆ ಸುಮ್ಮನಾದೆವು. ಆ ಶೇಕಡಾ ನಂಬರ್ ನೋಡಿದರೆ ಡಾಕ್ಟರ್ ಎಷ್ಟು ಖಾತ್ರಿಯಾಗಿ ಹೇಳ್ತಿದಾರೆ ಅನ್ನೋ ಥರ ಕಾಣುತ್ತೆ. ಆದರೆ ಅದು ಆ ನಾಲ್ಕರ ಒಳಗಿನ ಹಂಚಿಕೆ ಮಾತ್ರ.

ಅದೇ ದಿನ ಮಾವ ಕೊಯ್ಲನ್ನು ಅಪ್ಪನಿಗೆ ಬಿಟ್ಟು ಶಿವಮೊಗ್ಗಕ್ಕೆ ಹೋಗಿ ರಿಪೋರ್ಟ್ ತಂದರು. ಮೆಸೇಜ್ ಕಳಿಸಿ ಹನ್ನೊಂದು ದಿನ ಆಗಿತ್ತು. ಎಡಭಾಗದಲ್ಲಿ, ನೆತ್ತಿಯ ಹತ್ತಿರ, ಮೆನಿಂಜಿಯೋಮಾ.

ಬೆಂಗಳೂರಿನಲ್ಲಿ ಡಾಕ್ಟರನ್ನು ನೋಡಲು ಬಂದಾಗ ನಾನೂ ಜೊತೆಗೆ ಹೋದೆ. ಅತ್ತೆ ಕೂತ ತಕ್ಷಣ "ನಮ್ಮ ಹುಡುಗಿ ಕಂಪ್ಯೂಟರ್ ಏನೂ ಇಲ್ಲ ಅಂತ ಹೇಳಿತ್ತು ಡಾಕ್ಟ್ರೇ" ಅಂದುಬಿಟ್ಟರು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಡಾಕ್ಟರು ನಗಲಿಲ್ಲ. ಯಾವ ಚಿತ್ರ ಕೊಟ್ಟಿದ್ದೆ ಅಂತ ಕೇಳಿದರು. ಮೊಬೈಲ್ ತೆಗೆದು ತೋರಿಸಿದೆ. ಅವರು ಸಿಡಿ ಹಾಕಿ, ಮೌಸ್ ತಿರುಗಿಸುತ್ತಾ ಕಣ್ಣಿನ ಮಟ್ಟದಿಂದ ನೆತ್ತಿಯವರೆಗೆ ಒಂದೊಂದೇ ಸ್ಲೈಸ್ ಮೇಲಕ್ಕೆ ಹೋದರು. ಗೆಡ್ಡೆ ಇದ್ದದ್ದು ಮೇಲಿನ ಕೆಲವು ಸ್ಲೈಸ್‌ಗಳಲ್ಲಿ ಮಾತ್ರ. ಅಂದರೆ ನಾನು ಕ್ರಾಪ್ ಮಾಡಿದ ಚಿತ್ರದಲ್ಲಿ ಗೆಡ್ಡೆ ಇರಲೇ ಇಲ್ಲ. ಜಗತ್ತಿನ ಅತ್ಯುತ್ತಮ ಮಾಡೆಲ್‌ಗೆ ಅದನ್ನು ಕೊಟ್ಟಿದ್ದರೂ 'ಇಲ್ಲ' ಅಂತಲೇ ಹೇಳಬೇಕಿತ್ತು. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಇನ್ನೂ ಒಂದು ತೋರಿಸಿದರು. ಗೆಡ್ಡೆ ಇರುವ ಸ್ಲೈಸ್‌ನಲ್ಲೂ ಸಾದಾ ಟಿ1 ಚಿತ್ರದಲ್ಲಿ ಅದು ಪಕ್ಕದ ಮೆದುಳಿನಷ್ಟೇ ಬೂದು ಬಣ್ಣ. ನನಗಂತೂ ಕಾಣಲಿಲ್ಲ. ಗ್ಯಾಡೊಲಿನಿಯಂ ಇರುವ ಔಷಧಿಯನ್ನು ನರಕ್ಕೆ ಕೊಟ್ಟ ಮೇಲೆ ತೆಗೆದ ಚಿತ್ರದಲ್ಲಿ ಅದೇ ಜಾಗ ಬೆಳ್ಳಗೆ ಹೊಳೆಯುತ್ತಿತ್ತು, ಒಂದು ಗೋಟಡಿಕೆಯಷ್ಟು. ಮೆದುಳಿನ ರಕ್ತನಾಳಗಳಿಗೆ ಒಂದು ತಡೆಗೋಡೆ ಇದೆ, ಈ ಔಷಧಿ ಅದನ್ನು ದಾಟುವುದಿಲ್ಲ. ಪೊರೆಯಿಂದ ಬೆಳೆದ ಗೆಡ್ಡೆಯ ರಕ್ತನಾಳಗಳಿಗೆ ಆ ಗೋಡೆ ಇಲ್ಲ, ಅದಕ್ಕೇ ಅಲ್ಲಿ ಮಾತ್ರ ಔಷಧಿ ತುಂಬಿಕೊಳ್ಳುತ್ತೆ. ರೇಡಿಯಾಲಜಿಸ್ಟ್ ಒಂದು ಚಿತ್ರ ನೋಡಿ ಏನೂ ಹೇಳೋದಿಲ್ಲ. ಟಿ1, ಟಿ2, ಫ್ಲೇರ್, ಔಷಧಿ ಕೊಟ್ಟ ಮೇಲಿನದು, ಎಲ್ಲವನ್ನೂ ಪಕ್ಕ ಪಕ್ಕ ಇಟ್ಟು, ಜೊತೆಗೆ 'ಬಲಗೈ ಸೋಲುತ್ತೆ' ಅನ್ನೋ ಚೀಟಿಯನ್ನೂ ಓದಿ ಹೇಳ್ತಾರೆ. ಎಡ ಮೆದುಳು ಬಲಗೈಯನ್ನು ನಡೆಸುತ್ತೆ ಅಂತ ಅವರಿಗೆ ಗೊತ್ತು. ನಮ್ಮ ಮಾಡೆಲ್‌ಗೆ ಅತ್ತೆಗೆ ಕೈ ಇದೆ ಅನ್ನೋದೇ ಗೊತ್ತಿಲ್ಲ.

ಹೊರಡುವಾಗ ಧೈರ್ಯ ಮಾಡಿ ಕೇಳಿದೆ: "ಸರ್, ಹಾಗಾದ್ರೆ ಇದರಿಂದ ಉಪಯೋಗವೇ ಇಲ್ವಾ?"

"ಗೆಡ್ಡೆ ಇದೆಯಾ ಅಂತ ನನಗೆ ಕಾಣುತ್ತಮ್ಮ," ಅಂದರು. "ಅದರ ಅಂಚು ಎಲ್ಲೆಲ್ಲಿದೆ, ಆರು ತಿಂಗಳ ಹಿಂದಿನದಕ್ಕಿಂತ ಎಷ್ಟು ಬೆಳೆದಿದೆ ಅಂತ ಒಂದೊಂದು ಸ್ಲೈಸ್‌ನಲ್ಲೂ ಕೂತು ಗೆರೆ ಎಳೆಯೋದು ಬಹಳ ಹೊತ್ತು ಹಿಡಿಯೋ ಕೆಲಸ. ಅದನ್ನ ಮಾಡಿಕೊಡಿ."

ಬಂದು ಓದಿದರೆ, ನಿಜವಾದ ಕೆಲಸ ನಡೆಯುತ್ತಿರುವುದೇ ಅಲ್ಲಿ. 2012 ರಿಂದ ಬ್ರ್ಯಾಟ್ಸ್ ಅಂತ ಒಂದು ಸ್ಪರ್ಧೆ ನಡೆಯುತ್ತಿದೆ. ಅಲ್ಲಿ ಕೊಡುವುದು ಬಿಡಿ ಜೆಪೆಗ್ ಅಲ್ಲ, ಒಬ್ಬೊಬ್ಬ ರೋಗಿಯ ಇಡೀ ತಲೆಯ ನಾಲ್ಕು ಬಗೆಯ ಸ್ಕ್ಯಾನ್, ಒಂದೊಂದರಲ್ಲೂ 155 ಸ್ಲೈಸ್. ಗೆಡ್ಡೆ ಇದೆಯೋ ಇಲ್ಲವೋ ಅನ್ನೋದು ಮುಖ್ಯ ಪ್ರಶ್ನೆಯೇ ಅಲ್ಲ. ಯಾವ ಯಾವ ಬಿಂದು ಗೆಡ್ಡೆಗೆ ಸೇರಿದ್ದು, ಯಾವುದು ಅದರ ಸುತ್ತಲಿನ ಊತ ಅಂತ ಬಿಡಿಸಿ ತೋರಿಸಬೇಕು. ಇಂಥ ಕೆಲಸಕ್ಕೆ ಬಹಳವಾಗಿ ಬಳಸುವುದು 2015 ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಹುಟ್ಟಿದ ಯು-ನೆಟ್ ಮತ್ತು ಅದರ ಮರಿಗಳು. ಅಂಕ ಕೊಡುವುದೂ ಅಕ್ಯುರಸಿಯಿಂದ ಅಲ್ಲ. ತಲೆಯ ಬಹುಪಾಲು ಜಾಗ ಗೆಡ್ಡೆ ಅಲ್ಲದ್ದು, ಕಣ್ಣು ಮುಚ್ಚಿ ಎಲ್ಲ ಕಡೆ 'ಇಲ್ಲ' ಅಂದರೂ ಅಕ್ಯುರಸಿ ತುಂಬಾ ಚೆನ್ನಾಗಿ ಬರುತ್ತೆ. ಅದಕ್ಕೇ ಡೈಸ್ ಸ್ಕೋರ್ ನೋಡ್ತಾರೆ. ಡಾಕ್ಟರ್ ಎಳೆದ ಗೆರೆ ಮತ್ತು ಮಾಡೆಲ್ ಎಳೆದ ಗೆರೆ ಎಷ್ಟು ಒಂದರ ಮೇಲೊಂದು ಕೂತಿವೆ ಅನ್ನೋ ಅಳತೆ ಅದು. ಪೂರ್ತಿ ಕೂತರೆ 1, ಎಲ್ಲೂ ಸೇರದಿದ್ದರೆ 0.

ಇದೇ ಟಾಪಿಕ್ ತಗೊಂಡಿರುವ ಟೀಮ್‌ಗಳಿಗೆ ನನ್ನ ಕೋರಿಕೆ ಇಷ್ಟು. ಡೇಟಾವನ್ನು ಚಿತ್ರದ ಲೆಕ್ಕದಲ್ಲಿ ಹಂಚಬೇಡಿ, ರೋಗಿಯ ಲೆಕ್ಕದಲ್ಲಿ ಹಂಚಿ. ಯಾವ ಫೋಲ್ಡರ್ ಎಲ್ಲಿಂದ ಬಂತು ಅಂತ ಓದಿ. ಮೆದುಳಿಗೆ ಕಪ್ಪು ಬಳಿದು ಒಂದ್ಸಲ ಟ್ರೇನ್ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ. ಅಕ್ಯುರಸಿ ಒಂದನ್ನೇ ಬರೆಯಬೇಡಿ, ಗೆಡ್ಡೆ ಇದ್ದವರಲ್ಲಿ ಎಷ್ಟು ಜನರನ್ನು 'ಇಲ್ಲ' ಅಂತ ಕಳಿಸಿಬಿಟ್ಟಿರಿ ಅನ್ನೋದನ್ನೂ ಬರೆಯಿರಿ. ಮನೆಯವರು ಸ್ಕ್ಯಾನ್ ಕಳಿಸಿದರೆ ದಯವಿಟ್ಟು ಮಾಡೆಲ್‌ಗೆ ಕೊಡಬೇಡಿ, ಕೊಟ್ಟರೂ ಉತ್ತರ ಹೇಳಬೇಡಿ. "ಆದ್ರೂ ಡಾಕ್ಟರ್‌ಗೆ ತೋರಿಸಿ" ಅಂತ ಕೆಳಗೆ ಸೇರಿಸಿದರೆ ಸಾಕು ಅಂದುಕೊಳ್ಳಬೇಡಿ. ಹೆದರಿದವರು ಮೊದಲನೇ ವಾಕ್ಯ ಮಾತ್ರ ಓದುತ್ತಾರೆ.

ಕೊನೇ ವೈವಾದಲ್ಲಿ ನಾವು 88 ಅಂತಲೇ ತೋರಿಸಿದೆವು. ಬೇರೆ ಟೀಮ್‌ಗಳ ಸ್ಲೈಡ್‌ನಲ್ಲಿ 97, 99 ಇತ್ತು. ನಮಗೆ ಮಾರ್ಕ್ಸ್ ಸುಮಾರಾಗಿ ಬಂತು. ಅದಕ್ಕೆ ಬೇಜಾರಾಗಲಿಲ್ಲ ಅಂದರೆ ಸುಳ್ಳು.

ಅತ್ತೆಗೆ ಆಪರೇಷನ್ ಆಯ್ತು. ಗೆಡ್ಡೆ ಒಂದನೇ ಗ್ರೇಡಿನದು, ನಿಧಾನವಾಗಿ ಬೆಳೆಯುವಂಥದ್ದು ಅಂತ ಬಯಾಪ್ಸಿ ಬಂತು. ಆ ಹನ್ನೊಂದು ದಿನದಿಂದ ತೊಂದರೆ ಆಗಲಿಲ್ಲ. ಆದರೆ ಅದು ಗೆಡ್ಡೆಯ ಗುಣ, ಅದರಲ್ಲಿ ನನ್ನದೇನೂ ಇಲ್ಲ. ಬೇರೆ ಜಾತಿಯದಾಗಿದ್ದರೆ ಅಂತ ಯೋಚನೆ ಬಂದಾಗಲೆಲ್ಲ ಆ ವಾಟ್ಸಾಪ್ ಮೆಸೇಜ್ ತೆಗೆದು ನೋಡ್ತೀನಿ. ಡಿಲೀಟ್ ಮಾಡಿಲ್ಲ. ಅತ್ತೆ ಒಂದು ದಿನವೂ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಅದು ಇನ್ನೂ ಕಷ್ಟ.

ಈಗ ಕೈ ಬಹುಪಾಲು ಸರಿಹೋಗಿದೆ. ಮೂಗುತಿ ಮತ್ತೆ ಹಾಕಿಕೊಂಡಿದ್ದಾರೆ. ಮುಂದಿನ ತಿಂಗಳು ಫಾಲೋಅಪ್ ಸ್ಕ್ಯಾನ್ ಇದೆ. ರಿಪೋರ್ಟ್ ತರೋಕೆ ಈ ಸಲ ನಾನೇ ಹೋಗ್ತೀನಿ ಅಂತ ಹೇಳಿದ್ದೀನಿ.